ಮನೆಖರ್ಚಿನ ಲೆಕ್ಕ: ಅಮೆರಿಕದ ಅನುಭವ, ಕರಾವಳಿಯ ವ್ಯಾಪಾರ

ವ್ಯಾಪಾರಿಯ ಲೆಕ್ಕಪುಸ್ತಕದಲ್ಲಿ ಜಮೆಯಾಗುವ ಪ್ರತಿಯೊಂದು ರೂಪಾಯಿಯೂ ಯಾವುದೋ ಒಂದು ಮನೆಯ ಲೆಕ್ಕದಲ್ಲಿ ಖರ್ಚಾಗಿ ಬರೆಯಲ್ಪಟ್ಟಿರುತ್ತದೆ. ಬಂದರಿನ ಸಗಟು ಮಳಿಗೆಯಿಂದ ಹಿಡಿದು ಬೈಕಂಪಾಡಿ, ಯೆಯ್ಯಾಡಿಯ ಸಣ್ಣ ಕಾರ್ಖಾನೆಗಳವರೆಗೆ ಎಲ್ಲ ವಹಿವಾಟಿನ ಕೊನೆಯ ಕೊಂಡಿ ಗೃಹಿಣಿಯ ಕೈಯಲ್ಲಿರುವ ಚೀಲವೇ ಆಗಿದೆ. ಹೀಗಿದ್ದರೂ ಸರಕಿನ ದರ, ಸಾಗಣೆಯ ವೆಚ್ಚ, ತೆರಿಗೆಯ ನಿಯಮ, ಬ್ಯಾಂಕಿನ ಬಡ್ಡಿ ಇವುಗಳ ಬಗ್ಗೆ ನಡೆಯುವಷ್ಟು ಚರ್ಚೆ, ಸಾಮಾನ್ಯ ಕುಟುಂಬವೊಂದು ತನ್ನ ಹಣವನ್ನು ಯಾವ ಯಾವ ಬಾಬತ್ತಿಗೆ ಎಷ್ಟೆಷ್ಟು ಹಂಚುತ್ತದೆ ಎಂಬ ಬಗ್ಗೆ ನಮ್ಮ ವ್ಯಾಪಾರಿ ವಲಯದಲ್ಲಿ ನಡೆಯುವುದಿಲ್ಲ. ಅಮೆರಿಕದಲ್ಲಿ ಈ ಲೆಕ್ಕವನ್ನು ನೂರಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಇಡಲಾಗುತ್ತಿದೆ. ನಮ್ಮ ದೇಶದಲ್ಲಿಯೂ ಒಂದು ದಶಕದ ವಿರಾಮದ ಬಳಿಕ ಇಂತಹ ಎರಡು ಸಮೀಕ್ಷೆಗಳ ಫಲಿತಾಂಶ ಪ್ರಕಟವಾಗಿದೆ. ಈ ಎರಡೂ ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಕರಾವಳಿಯ ವ್ಯಾಪಾರಿಗಳಿಗೂ ಸಣ್ಣ ಉದ್ದಿಮೆದಾರರಿಗೂ ಉಪಯುಕ್ತವಾದ ಹಲವು ಸಂಗತಿಗಳು ಕಂಡುಬರುತ್ತವೆ.

ಎಂಗೆಲ್ ಕಂಡ ನಿಯಮ

ಮನೆಖರ್ಚಿನ ಅಧ್ಯಯನಕ್ಕೆ ಶಾಸ್ತ್ರದ ಸ್ವರೂಪವನ್ನು ಕೊಟ್ಟವನು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್‌ಸ್ಟ್ ಎಂಗೆಲ್. ಬೆಲ್ಜಿಯಂ ದೇಶದ ಕಾರ್ಮಿಕ ಕುಟುಂಬಗಳ ಆಯವ್ಯಯವನ್ನು ಪರಿಶೀಲಿಸಿ 1857ರಲ್ಲಿ ಆತ ಒಂದು ಸರಳವಾದ ನಿಯಮವನ್ನು ಮಂಡಿಸಿದನು. ಕುಟುಂಬದ ಆದಾಯ ಹೆಚ್ಚಿದಂತೆ ಆಹಾರಕ್ಕಾಗಿ ಮಾಡುವ ವೆಚ್ಚದ ಮೊತ್ತ ಹೆಚ್ಚಬಹುದಾದರೂ, ಒಟ್ಟು ವೆಚ್ಚದಲ್ಲಿ ಆಹಾರದ ಪಾಲು ಕಡಿಮೆಯಾಗುತ್ತ ಹೋಗುತ್ತದೆ ಎಂಬುದೇ ಆ ನಿಯಮ. ಹೊಟ್ಟೆಗೆ ಒಂದು ಮಿತಿಯಿದೆ. ಇತರ ಅಪೇಕ್ಷೆಗಳಿಗೆ ಅಂತಹ ಮಿತಿಯಿಲ್ಲ. ಅರ್ಥಶಾಸ್ತ್ರದ ಅನೇಕ ಸಿದ್ಧಾಂತಗಳು ಕಾಲಕಾಲಕ್ಕೆ ಬದಲಾದರೂ ಈ ನಿಯಮ ಮಾತ್ರ ದೇಶದಿಂದ ದೇಶಕ್ಕೆ, ತಲೆಮಾರಿನಿಂದ ತಲೆಮಾರಿಗೆ ಸತ್ಯವೆಂದು ಸಾಬೀತಾಗುತ್ತ ಬಂದಿದೆ.

ವ್ಯಾಪಾರಿಯ ದೃಷ್ಟಿಯಿಂದ ಈ ನಿಯಮದ ಅರ್ಥವೂ ಸರಳವಾದುದೇ. ಅಕ್ಕಿ, ಗೋಧಿ, ಬೇಳೆಯಂತಹ ಮೂಲಭೂತ ಸರಕುಗಳನ್ನು ಮಾತ್ರ ಮಾರುವವನ ವಹಿವಾಟು ಊರಿನ ಸಂಪತ್ತು ಬೆಳೆದಷ್ಟು ವೇಗದಲ್ಲಿ ಬೆಳೆಯಲಾರದು. ಊರು ಶ್ರೀಮಂತವಾಗುತ್ತಿರುವಾಗಲೇ ಅಂಗಡಿ ಹಿಂದೆ ಬೀಳುವುದಕ್ಕೆ ಪೈಪೋಟಿಯೊಂದೇ ಕಾರಣವಲ್ಲ. ಗ್ರಾಹಕನ ಹಣ ಬೇರೆ ಬಾಬತ್ತಿಗೆ ಸರಿದಿರುವುದೂ ಕಾರಣವಾಗಿರುತ್ತದೆ.

ಅಮೆರಿಕದ ಡಾಲರು ಹರಿಯುವ ದಾರಿ

ಅಮೆರಿಕದ ಕಾರ್ಮಿಕ ಅಂಕಿಅಂಶ ಸಂಸ್ಥೆಯು ಕುಟುಂಬಗಳ ವೆಚ್ಚದ ಮೊದಲ ಸಮೀಕ್ಷೆಯನ್ನು 1888ರಿಂದ 1891ರ ನಡುವೆ ನಡೆಸಿತು. ಇಂದು ಈ ಕಾರ್ಯ ವರ್ಷಪೂರ್ತಿ ನಡೆಯುತ್ತದೆ. ಒಂದು ಗುಂಪಿನ ಕುಟುಂಬಗಳನ್ನು ಮೂರು ತಿಂಗಳಿಗೊಮ್ಮೆ ಸಂದರ್ಶಿಸಿ ದೊಡ್ಡ ಖರ್ಚುಗಳ ವಿವರ ಪಡೆಯಲಾಗುತ್ತದೆ. ಮತ್ತೊಂದು ಗುಂಪಿನ ಕುಟುಂಬಗಳಿಗೆ ಎರಡು ವಾರಗಳ ದಿನಚರಿ ಪುಸ್ತಕ ಕೊಟ್ಟು ದಿನಸಿ, ಕಾಫಿ, ಸಾಬೂನಿನಂತಹ ಸಣ್ಣಪುಟ್ಟ ಖರ್ಚುಗಳನ್ನೂ ಬರೆಸಿಕೊಳ್ಳಲಾಗುತ್ತದೆ.

1901ರಲ್ಲಿ ಅಮೆರಿಕದ ಸರಾಸರಿ ಕುಟುಂಬದಲ್ಲಿ 4.9 ಮಂದಿ ಇದ್ದರು. ವಾರ್ಷಿಕ ಆದಾಯ 750 ಡಾಲರ್, ವೆಚ್ಚ 769 ಡಾಲರ್. ಅಂದರೆ ಆದಾಯಕ್ಕಿಂತ ವೆಚ್ಚವೇ ಅಧಿಕ. ಆ ವೆಚ್ಚದಲ್ಲಿ ಶೇ. 42.5 ಆಹಾರಕ್ಕೆ, ಶೇ. 23.3 ವಸತಿಗೆ, ಶೇ. 14 ಬಟ್ಟೆಬರೆಗೆ ಹೋಗುತ್ತಿತ್ತು. ಊಟ, ವಸತಿ, ಬಟ್ಟೆ ಈ ಮೂರೇ ನೂರರಲ್ಲಿ ಸುಮಾರು ಎಂಬತ್ತನ್ನು ನುಂಗುತ್ತಿದ್ದುದರಿಂದ ಉಳಿದ ಎಲ್ಲ ವ್ಯಾಪಾರಗಳೂ ಮಿಕ್ಕ ಇಪ್ಪತ್ತರಲ್ಲಿಯೇ ಬದುಕಬೇಕಾಗಿತ್ತು.

2023ರ ಲೆಕ್ಕ ಬೇರೆಯೇ ಆಗಿದೆ. ಸರಾಸರಿ 2.5 ಮಂದಿಯ ಕುಟುಂಬದ ವಾರ್ಷಿಕ ವೆಚ್ಚ 77,280 ಡಾಲರ್. ಅದರಲ್ಲಿ ವಸತಿಯ ಪಾಲು ಶೇ. 32.9, ಸಾರಿಗೆಯ ಪಾಲು ಶೇ. 17, ಆಹಾರದ ಪಾಲು ಕೇವಲ ಶೇ. 12.9. ವಿಮೆ ಮತ್ತು ನಿವೃತ್ತಿ ನಿಧಿಗೆ ಶೇ. 12.4, ಆರೋಗ್ಯಕ್ಕೆ ಶೇ. 8, ಮನರಂಜನೆಗೆ ಶೇ. 4.7 ಹೋಗುತ್ತದೆ. ಬಟ್ಟೆಬರೆಯ ಪಾಲು ಶೇ. 2.6ಕ್ಕೆ ಇಳಿದಿದೆ.

ಈ ಅಂಕಿಗಳಲ್ಲಿ ಮೂರು ಸಂಗತಿಗಳು ವಿಶೇಷವಾಗಿ ಗಮನಾರ್ಹ. ಮೊದಲನೆಯದಾಗಿ, ಆಹಾರಕ್ಕೆ ವೆಚ್ಚವಾಗುವ ಪ್ರತಿ 100 ಡಾಲರಿನಲ್ಲಿ ಸುಮಾರು 39 ಡಾಲರು ಹೋಟೆಲು, ಉಪಾಹಾರ ಗೃಹಗಳಿಗೆ ಸಲ್ಲುತ್ತದೆ. ಆಹಾರದ ಪಾಲು ಕುಗ್ಗಿದೆ. ಆದರೆ ಅದರೊಳಗೆ ಅಡುಗೆ ಮಾಡಿಕೊಡುವವನ ಪಾಲು ಹಿಗ್ಗಿದೆ. ಎರಡನೆಯದಾಗಿ, ಬಟ್ಟೆಯ ಪಾಲು ಇಳಿದದ್ದು ಜನ ಕಡಿಮೆ ಉಡುತ್ತಾರೆಂಬ ಕಾರಣದಿಂದಲ್ಲ. ಯಂತ್ರದ ಉತ್ಪಾದನೆಯಿಂದಲೂ ಆಮದಿನಿಂದಲೂ ಬಟ್ಟೆ ಅಗ್ಗವಾಯಿತು. ಹೆಚ್ಚು ಬಟ್ಟೆಗಳನ್ನು ಕೊಂಡರೂ ಹಣದ ಪಾಲು ಕಡಿಮೆಯಾಯಿತು. ಮಾರಾಟದ ಪ್ರಮಾಣ ಹೆಚ್ಚಿದರೂ ಲಾಭ ಹೆಚ್ಚದೆ ಹೋಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಮೂರನೆಯದಾಗಿ, ಆರೋಗ್ಯದ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ವಿಮೆಯ ಕಂತೇ ಆಗಿದೆ. ವಸತಿ, ವಾಹನ, ವಿಮೆ ಇವುಗಳಿಗೆ ತಿಂಗಳ ಮೊದಲ ವಾರದಲ್ಲಿಯೇ ಹಣ ಕಳೆದುಹೋಗುವುದರಿಂದ, ಅಂಗಡಿಯ ವ್ಯಾಪಾರ ಉಳಿದ ಹಣಕ್ಕಾಗಿ ಸ್ಪರ್ಧಿಸಬೇಕಾಗುತ್ತದೆ.

ನಮ್ಮ ದೇಶದ ಚಿತ್ರ

ಭಾರತದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯು 1950ರಲ್ಲಿ ಆರಂಭವಾದಂದಿನಿಂದ ಕುಟುಂಬಗಳ ಅನುಭೋಗ ವೆಚ್ಚದ ಲೆಕ್ಕವನ್ನು ಸಂಗ್ರಹಿಸುತ್ತ ಬಂದಿದೆ. 1972–73ರಿಂದ ಸುಮಾರು ಐದು ವರ್ಷಗಳಿಗೊಮ್ಮೆ ದೊಡ್ಡ ಪ್ರಮಾಣದ ಸಮೀಕ್ಷೆ ನಡೆಯುವ ಪದ್ಧತಿ ಬಂತು. 2017–18ರ ಸಮೀಕ್ಷೆಯ ಫಲಿತಾಂಶವನ್ನು ದತ್ತಾಂಶದ ಗುಣಮಟ್ಟದ ಕಾರಣ ಕೊಟ್ಟು ಸರ್ಕಾರ ಬಿಡುಗಡೆ ಮಾಡಲಿಲ್ಲ. ಆದುದರಿಂದ 2011–12ರ ಬಳಿಕ ದೊರೆತ ಲೆಕ್ಕವೆಂದರೆ 2022–23ರದು ಮತ್ತು 2023–24ರದು. 2023ರ ಆಗಸ್ಟ್‌ನಿಂದ 2024ರ ಜುಲೈವರೆಗೆ ನಡೆದ ಎರಡನೆಯ ಸಮೀಕ್ಷೆಯಲ್ಲಿ ದೇಶದ 2,61,953 ಕುಟುಂಬಗಳಿಂದ ಮಾಹಿತಿ ಪಡೆಯಲಾಗಿದೆ. ಸಮೀಕ್ಷಕರು ಪ್ರತಿ ಮನೆಗೂ ಮೂರು ಬಾರಿ ಭೇಟಿಕೊಟ್ಟು ಆಹಾರ, ನಿತ್ಯಬಳಕೆಯ ವಸ್ತು ಮತ್ತು ಸೇವೆ, ಬಾಳಿಕೆ ಬರುವ ವಸ್ತು ಎಂದು ಮೂರು ಭಾಗಗಳಲ್ಲಿ ವಿವರ ಬರೆದುಕೊಂಡಿದ್ದಾರೆ.

ಈ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ವೆಚ್ಚ ಗ್ರಾಮಾಂತರದಲ್ಲಿ 4,122 ರೂಪಾಯಿ, ನಗರಗಳಲ್ಲಿ 6,996 ರೂಪಾಯಿ. ಕರ್ನಾಟಕದ ಸರಾಸರಿ ಇದಕ್ಕಿಂತ ಮೇಲಿದೆ: ಗ್ರಾಮಾಂತರದಲ್ಲಿ 4,903 ರೂಪಾಯಿ, ನಗರಗಳಲ್ಲಿ 8,076 ರೂಪಾಯಿ. ನಾಲ್ಕು ಮಂದಿಯ ಕುಟುಂಬವೆಂದು ಲೆಕ್ಕ ಹಾಕಿದರೆ ರಾಜ್ಯದ ನಗರವಾಸಿ ಕುಟುಂಬವೊಂದು ತಿಂಗಳಿಗೆ ಸುಮಾರು 32,300 ರೂಪಾಯಿಯನ್ನು ವೆಚ್ಚ ಮಾಡುತ್ತದೆ.

ಬೆಲೆ ಏರಿಕೆಯನ್ನು ಕಳೆದು 2011–12ರ ಬೆಲೆಗಳಲ್ಲಿಯೇ ನೋಡಿದರೆ ದೇಶದ ಗ್ರಾಮಾಂತರ ವೆಚ್ಚ 1,430 ರೂಪಾಯಿಯಿಂದ 2,079ಕ್ಕೂ, ನಗರದ ವೆಚ್ಚ 2,630 ರೂಪಾಯಿಯಿಂದ 3,632ಕ್ಕೂ ಏರಿದೆ. ಅಂದರೆ ಹನ್ನೆರಡು ವರ್ಷಗಳಲ್ಲಿ ಹಳ್ಳಿಯ ನಿಜವಾದ ಕೊಳ್ಳುವಿಕೆ ಶೇ. 45ರಷ್ಟು, ನಗರದ್ದು ಶೇ. 38ರಷ್ಟು ಹೆಚ್ಚಿದೆ. 2011–12ರಲ್ಲಿ ನಗರದ ವೆಚ್ಚ ಹಳ್ಳಿಯದಕ್ಕಿಂತ ಶೇ. 84ರಷ್ಟು ಅಧಿಕವಾಗಿದ್ದರೆ 2023–24ರಲ್ಲಿ ಈ ಅಂತರ ಶೇ. 70ಕ್ಕೆ ಇಳಿದಿದೆ; ಕರ್ನಾಟಕದಲ್ಲಿ ಅದು ಶೇ. 65ರಷ್ಟಿದೆ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯದ ಹಳ್ಳಿಗಳಿಗೆ ಸರಕು ಕಳುಹಿಸುವ ಮಂಗಳೂರಿನ ಸಗಟು ವ್ಯಾಪಾರಿ ಗಮನಿಸಬೇಕಾದ ಮುಖ್ಯ ಸಂಗತಿ ಇದು. ಹಳ್ಳಿಗೆ ಅಗ್ಗದ ಮಾಲು, ಪೇಟೆಗೆ ಉತ್ತಮ ಮಾಲು ಎಂಬ ಹಳೆಯ ವಿಂಗಡಣೆಯನ್ನು ಇನ್ನು ಮುಂದೆ ಉಳಿಸಿಕೊಳ್ಳುವುದು ಕಷ್ಟ.

ಆದರೆ ಸರಾಸರಿಯನ್ನೇ ನಂಬಿ ಕುಳಿತುಕೊಳ್ಳುವಂತಿಲ್ಲ. ನಗರದ ಅತ್ಯಂತ ಬಡ ಶೇ. 5 ಮಂದಿಯ ತಲಾ ಮಾಸಿಕ ವೆಚ್ಚ 2,376 ರೂಪಾಯಿ. ಅತ್ಯಂತ ಶ್ರೀಮಂತ ಶೇ. 5 ಮಂದಿಯದು 20,310 ರೂಪಾಯಿ. ಒಂದೇ ರಸ್ತೆಯ ಎರಡು ಮನೆಗಳ ನಡುವೆ ಎಂಟು ಪಟ್ಟಿಗೂ ಮಿಕ್ಕಿದ ಅಂತರವಿರಬಹುದು. ಒಂದೇ ಅಂಗಡಿ ಈ ಇಬ್ಬರಿಗೂ ಸರಕು ಪೂರೈಸಬೇಕಾದಲ್ಲಿ ಒಂದೇ ಸಾಬೂನನ್ನು ಎರಡು ಮೂರು ಅಳತೆಗಳಲ್ಲಿ ಇಡುವುದು ಅನಿವಾರ್ಯವಾಗುತ್ತದೆ.

ಅಕ್ಕಿಯ ಚೀಲದಿಂದ ತಿಂಡಿಯ ಪೊಟ್ಟಣಕ್ಕೆ

ನಮ್ಮ ನಗರಗಳಲ್ಲಿ ಒಟ್ಟು ವೆಚ್ಚದಲ್ಲಿ ಆಹಾರದ ಪಾಲು 1999–2000ರಲ್ಲಿ ಶೇ. 48.06 ಇದ್ದುದು 2023–24ರಲ್ಲಿ ಶೇ. 39.68ಕ್ಕೆ ಇಳಿದಿದೆ. ಗ್ರಾಮಾಂತರದಲ್ಲಿ ಶೇ. 59.40ರಿಂದ ಶೇ. 47.04ಕ್ಕೆ ಬಂದಿದೆ. ಎಂಗೆಲ್ ಕಂಡ ನಿಯಮ ಇಲ್ಲಿಯೂ ಕೆಲಸ ಮಾಡುತ್ತಿರುವುದು ಸ್ಪಷ್ಟ. ಹಾಗೆಂದು ಭಾರತದ ನಗರ 1901ರ ಅಮೆರಿಕವನ್ನು ಈಗಷ್ಟೇ ದಾಟುತ್ತಿದೆ ಎಂದು ತೀರ್ಮಾನಿಸುವುದು ಸರಿಯಲ್ಲ. 1901ರ ಅಮೆರಿಕದ ಮನೆಯಲ್ಲಿ ಮೊಬೈಲ್ ಫೋನಿನ ಖರ್ಚಿರಲಿಲ್ಲ, ಸ್ಕೂಟರಿನ ಪೆಟ್ರೋಲಿನ ಖರ್ಚಿರಲಿಲ್ಲ.

ಆಹಾರದ ಒಳಗೆ ಆಗಿರುವ ಬದಲಾವಣೆ ಇನ್ನೂ ದೊಡ್ಡದು. 1999–2000ರಲ್ಲಿ ನಗರದ ಮನೆಯ ವೆಚ್ಚದಲ್ಲಿ ಶೇ. 12.39 ಏಕದಳ ಧಾನ್ಯಗಳಿಗೆ, ಅಂದರೆ ಅಕ್ಕಿ, ಗೋಧಿ, ರಾಗಿ, ಜೋಳಗಳಿಗೆ ಹೋಗುತ್ತಿತ್ತು. 2023–24ರಲ್ಲಿ ಅದು ಶೇ. 3.76. ಗ್ರಾಮಾಂತರದಲ್ಲಿ ಶೇ. 22.23 ಇದ್ದುದು ಶೇ. 4.99ಕ್ಕೆ ಕುಸಿದಿದೆ. ಇದೇ ಅವಧಿಯಲ್ಲಿ ಪಾನೀಯ, ಉಪಾಹಾರ ಮತ್ತು ಸಂಸ್ಕರಿತ ಆಹಾರದ ಪಾಲು ನಗರದಲ್ಲಿ ಶೇ. 6.35ರಿಂದ ಶೇ. 11.09ಕ್ಕೂ, ಗ್ರಾಮಾಂತರದಲ್ಲಿ ಶೇ. 4.19ರಿಂದ ಶೇ. 9.84ಕ್ಕೂ ಏರಿದೆ. ಇಪ್ಪತ್ತೈದು ವರ್ಷಗಳ ಹಿಂದೆ ನಗರದ ಗೃಹಿಣಿ ತಿಂಡಿಗೆ ಕೊಟ್ಟ ಪ್ರತಿ ರೂಪಾಯಿಗೆ ಅಕ್ಕಿ–ಗೋಧಿಗೆ ಎರಡು ರೂಪಾಯಿ ಕೊಡುತ್ತಿದ್ದಳು. ಇಂದು ಅಕ್ಕಿ–ಗೋಧಿಗೆ ಕೊಡುವ ಪ್ರತಿ ರೂಪಾಯಿಗೆ ತಿಂಡಿ–ಪಾನೀಯಕ್ಕೆ ಸುಮಾರು ಮೂರು ರೂಪಾಯಿ ಕೊಡುತ್ತಾಳೆ.

ದೇಶದ ಈ ಪ್ರಮಾಣವನ್ನೇ ರಾಜ್ಯದ ನಗರವಾಸಿ ಕುಟುಂಬಕ್ಕೆ ಅಂದಾಜಿಗಾಗಿ ಅನ್ವಯಿಸಿದರೆ, ತಿಂಗಳಿಗೆ ಧಾನ್ಯಕ್ಕೆ ಸುಮಾರು 1,200 ರೂಪಾಯಿ, ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಸುಮಾರು 2,300 ರೂಪಾಯಿ, ಪಾನೀಯ ಹಾಗೂ ಸಿದ್ಧ ಆಹಾರಕ್ಕೆ ಸುಮಾರು 3,600 ರೂಪಾಯಿ ಬರುತ್ತದೆ. ಆಹಾರೇತರ ವೆಚ್ಚದಲ್ಲಿ ಸಾರಿಗೆಗೆ ಸುಮಾರು ಶೇ. 8.5, ಬಾಳಿಕೆ ಬರುವ ವಸ್ತುಗಳಿಗೆ ಶೇ. 6.9, ಮನೆಬಾಡಿಗೆಗೆ ಶೇ. 6.6ರ ಪಾಲು ಇದೆ. ಅಮೆರಿಕದಲ್ಲಿ ಆಹಾರಕ್ಕಿಂತ ಸಾರಿಗೆಯ ವೆಚ್ಚ ಅಧಿಕವಾದರೆ, ನಮ್ಮಲ್ಲಿ ಆಹಾರದ ಬಳಿಕ ಕುಟುಂಬದ ದೊಡ್ಡ ಬಾಬತ್ತುಗಳಲ್ಲಿ ಸಾರಿಗೆ ಸ್ಥಾನ ಪಡೆಯುತ್ತಿದೆ.

ಹೋಲಿಕೆಯಲ್ಲಿ ಬೇಕಾದ ಎಚ್ಚರ

ಎರಡು ದೇಶಗಳ ಶೇಕಡಾವಾರು ಅಂಕಿಗಳನ್ನು ಹಾಗೆಯೇ ಎದುರುಬದುರು ಇಟ್ಟರೆ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿದೆ. ಅಮೆರಿಕದ ಲೆಕ್ಕದಲ್ಲಿ ವಸತಿಯೆಂದರೆ ಬಾಡಿಗೆ ಮಾತ್ರವಲ್ಲ; ಗೃಹಸಾಲದ ಬಡ್ಡಿ, ಆಸ್ತಿ ತೆರಿಗೆ, ವಿದ್ಯುತ್ತು, ನೀರು, ದೂರವಾಣಿ, ಪೀಠೋಪಕರಣ ಎಲ್ಲವೂ ಅದರಲ್ಲಿ ಸೇರಿವೆ. ನಮ್ಮ ಸಮೀಕ್ಷೆಯ ಬಾಡಿಗೆಯ ಅಂಕಿಯಲ್ಲಿ ಸ್ವಂತ ಮನೆಯಲ್ಲಿ ವಾಸಿಸುವವರ ಮನೆಯ ಮೌಲ್ಯ ಸೇರಿಲ್ಲ. ಅಮೆರಿಕದಲ್ಲಿ ನಿವೃತ್ತಿ ನಿಧಿಗೆ ಕಟ್ಟುವ ಹಣವನ್ನೂ ವೆಚ್ಚವೆಂದು ಬರೆಯುತ್ತಾರೆ. ನಮ್ಮಲ್ಲಿ ಭವಿಷ್ಯನಿಧಿಯ ಹಣ ಉಳಿತಾಯದ ಲೆಕ್ಕಕ್ಕೆ ಹೋಗುತ್ತದೆ. ಡಾಲರನ್ನು ರೂಪಾಯಿಗೆ ಪರಿವರ್ತಿಸಿ ಅವರ ವೆಚ್ಚ ನಮ್ಮದರ ಎಷ್ಟು ಪಟ್ಟು ಎಂದು ಲೆಕ್ಕ ಹಾಕುವುದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಗಮನಿಸಬೇಕಾದುದು ಹಣ ಯಾವ ದಿಕ್ಕಿಗೆ ಸರಿಯುತ್ತಿದೆ ಎಂಬುದನ್ನು. ಆ ದಿಕ್ಕು ಎರಡೂ ದೇಶಗಳಲ್ಲಿ ಒಂದೇ ಆಗಿದೆ: ಕಚ್ಚಾ ಧಾನ್ಯದಿಂದ ಸಿದ್ಧ ಆಹಾರದತ್ತ, ವಸ್ತುವಿನಿಂದ ಸೇವೆಯತ್ತ.

ಅಮೆರಿಕದ ಮನೆಗೂ ಮಂಗಳೂರಿನ ಕಾರ್ಖಾನೆಗೂ ಇರುವ ನಂಟು

ದೂರದ ದೇಶದ ಮನೆಖರ್ಚು ಇಲ್ಲಿನ ಉದ್ದಿಮೆಯ ಹಣೆಬರಹವನ್ನು ಬರೆಯಬಲ್ಲುದು ಎಂಬುದು ಮಂಗಳೂರಿಗೆ ಹೊಸ ವಿಷಯವಲ್ಲ. ಪೋರ್ಚುಗೀಸರ ಮೂಲಕ ಬ್ರೆಜಿಲಿನಿಂದ ಪಶ್ಚಿಮ ಕರಾವಳಿಗೆ ಬಂದ ಗೇರುಮರ, ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳ ನಡುವಿನ ಅವಧಿಯಲ್ಲಿ ರಫ್ತು ಉದ್ಯಮಕ್ಕೆ ಆಧಾರವಾಯಿತು. ಅಮೆರಿಕದ ಮನೆಗಳಲ್ಲಿ ಹುರಿದ ಬೀಜಗಳ ಡಬ್ಬಿಗೆ ಸ್ಥಾನ ದೊರೆತುದರಿಂದಲೇ ಕೊಲ್ಲಂ ಮತ್ತು ಮಂಗಳೂರಿನಲ್ಲಿ ಗೇರುಬೀಜದ ಕಾರ್ಖಾನೆಗಳು ತಲೆಯೆತ್ತಿದವು. ಕರಾವಳಿಯ ಸಾವಿರಾರು ಮಹಿಳೆಯರಿಗೆ ಬೀಜ ಒಡೆಯುವ, ಸಿಪ್ಪೆ ಸುಲಿಯುವ, ವಿಂಗಡಿಸುವ ಕೆಲಸದಿಂದ ಕೂಲಿ ದೊರೆಯಿತು. ಆ ಕೂಲಿ ಮರಳಿ ಇಲ್ಲಿನ ಅಂಗಡಿಗಳಿಗೆ ಬಂತು. ಹೀಗೆ ಅಮೆರಿಕದ ಕುಟುಂಬವೊಂದು ಸಂಜೆಯ ಕುರುಕಲು ತಿಂಡಿಗೆ ತೆತ್ತ ಹಣದ ಒಂದು ಅಂಶ ಮಂಗಳೂರಿನ ಕುಟುಂಬದ ಅಕ್ಕಿ, ಮೀನಿನ ಖರ್ಚಾಯಿತು.

ಈ ನಂಟು ಮುಂದೆ ಸಡಿಲವಾಯಿತು. 2006ರಿಂದ ವಿಯೆಟ್ನಾಂ ಗೇರುತಿರುಳಿನ ರಫ್ತಿನಲ್ಲಿ ಮೊದಲ ಸ್ಥಾನಕ್ಕೆ ಏರಿತು. ಯಂತ್ರೀಕರಣದಿಂದ ಅದರ ಉತ್ಪಾದನಾ ವೆಚ್ಚ ಕಡಿಮೆಯಾಗಿದ್ದುದರಿಂದ ಅಮೆರಿಕದ ಖರೀದಿದಾರರು ಅತ್ತ ಸರಿದರು. 2011–12ರಲ್ಲಿ 1.3 ಲಕ್ಷ ಟನ್ನಿಗೂ ಮಿಕ್ಕಿದ್ದ ಭಾರತದ ಗೇರುತಿರುಳಿನ ರಫ್ತು ಮುಂದಿನ ಹತ್ತು ವರ್ಷಗಳಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು. ಉದ್ಯಮ ಪೂರ್ಣವಾಗಿ ಮುಳುಗದಿರಲು ಕಾರಣ ಭಾರತದ್ದೇ ಮನೆಗಳು. ಸಿಹಿತಿಂಡಿಗೆ, ಹಬ್ಬದ ಉಡುಗೊರೆಗೆ, ಮಸಾಲೆ ಹಚ್ಚಿದ ಪೊಟ್ಟಣಕ್ಕೆ ಬೇಡಿಕೆ ಬೆಳೆದು ಜಗತ್ತಿನಲ್ಲಿ ಅತ್ಯಂತ ಹೆಚ್ಚು ಗೇರುತಿರುಳನ್ನು ತಿನ್ನುವ ದೇಶ ಭಾರತವೇ ಆಯಿತು. ಟಿನ್ನುಗಳಲ್ಲಿ ತುಂಬಿ ಹಡಗಿಗೆ ಹತ್ತಿಸುತ್ತಿದ್ದ ಉದ್ಯಮ, ಕಾಲು ಕಿಲೋ ಪೊಟ್ಟಣಗಳನ್ನು ಮಾಡಿ ಅಂಗಡಿಯ ಕಪಾಟಿಗೆ ತಲುಪಿಸುವುದನ್ನು ಕಲಿಯಬೇಕಾಯಿತು. ಕಲಿತವರು ಉಳಿದರು.

ಅಮೆರಿಕದ ಗೃಹಿಣಿಯ ದಿನಸಿ ಚೀಟಿ ಇಂದಿಗೂ ರಾಜಕೀಯದ ವಿಷಯವೇ ಆಗಿದೆ. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ರಫ್ತುದಾರರು ಕಂಗೆಟ್ಟರು. ಅದೇ ವರ್ಷದ ನವೆಂಬರಿನಲ್ಲಿ, ಆಹಾರ ಪದಾರ್ಥಗಳ ಬೆಲೆಯ ಬಗ್ಗೆ ಅಲ್ಲಿನ ಜನರ ಅಸಮಾಧಾನ ಹೆಚ್ಚಿದುದರಿಂದ, ಕಾಫಿ, ಚಹಾ, ಸಂಬಾರ ಪದಾರ್ಥ ಮೊದಲಾದ ಅನೇಕ ಕೃಷಿ ಸರಕುಗಳಿಗೆ ವಿನಾಯಿತಿ ಕೊಡಲಾಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿಯನ್ನು ಹೊರದೇಶಕ್ಕೆ ಕಳುಹಿಸುವ ನವಮಂಗಳೂರು ಬಂದರಿನ ಹಿನ್ನಾಡಿಗೆ ಇದರಿಂದ ಸ್ವಲ್ಪ ಸಮಾಧಾನವಾಯಿತು. ಆಹಾರದ ಪಾಲು ಕೇವಲ ಶೇ. 13 ಇರುವ ದೇಶದಲ್ಲಿಯೂ ಆಹಾರದ ಬೆಲೆ ಸರ್ಕಾರದ ತೀರ್ಮಾನವನ್ನು ಬದಲಿಸಬಲ್ಲುದಾದರೆ, ಆ ಪಾಲು ಶೇ. 40 ಇರುವ ನಮ್ಮ ನಗರಗಳ ಮಾತನ್ನು ಹೇಳಬೇಕಾಗಿಲ್ಲ.

ಕರಾವಳಿಯ ಮನೆಯ ವೈಶಿಷ್ಟ್ಯ

ತಲಾ ಆದಾಯದಲ್ಲಿ ದಕ್ಷಿಣ ಕನ್ನಡವು ರಾಜ್ಯದಲ್ಲಿ ಬೆಂಗಳೂರು ನಗರ ಜಿಲ್ಲೆಯ ನಂತರದ ಸ್ಥಾನದಲ್ಲಿದೆ. ಆದರೆ ಇಲ್ಲಿನ ಕುಟುಂಬದ ಆದಾಯ ತಿಂಗಳ ಸಂಬಳವೊಂದರಿಂದಲೇ ಬರುವುದಲ್ಲ. ಅಡಿಕೆಯ ಮಾರಾಟ, ಗಲ್ಫ್ ದೇಶಗಳಿಂದ ಬರುವ ಹಣ, ಮುಂಬಯಿ–ಬೆಂಗಳೂರಿನಲ್ಲಿರುವ ಮಕ್ಕಳ ನೆರವು, ಮೀನುಗಾರಿಕೆ, ಬೀಡಿ ಕಟ್ಟುವ ಕೂಲಿ ಹೀಗೆ ಹಲವು ತೊರೆಗಳು ಕೂಡಿ ಮನೆಯ ಸಂಸಾರ ನಡೆಯುತ್ತದೆ. ಆದುದರಿಂದ ಇಲ್ಲಿನ ವೆಚ್ಚಕ್ಕೂ ಒಂದು ಋತುಮಾನವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಮಳೆಗಾಲದ ಬಿಕ್ಕಟ್ಟು ಬಂದರು ಪ್ರದೇಶದ ಅಂಗಡಿಗಳಿಗೂ ತಟ್ಟುತ್ತದೆ. ಶಾಲೆಗಳು ತೆರೆಯುವ ತಿಂಗಳಲ್ಲಿ ಶುಲ್ಕ, ಪುಸ್ತಕ, ಕೊಡೆಯ ಖರ್ಚು ಮೇಲೆ ಬಿದ್ದು ಉಳಿದ ಖರೀದಿ ಮುಂದಕ್ಕೆ ಹೋಗುತ್ತದೆ. ಚೌತಿಯಿಂದ ದೀಪಾವಳಿಯವರೆಗೆ, ಮತ್ತೆ ಕ್ರಿಸ್‌ಮಸ್ಸಿನ ವೇಳೆಗೆ, ಬೇಸಗೆಯ ಮದುವೆಯ ದಿನಗಳಲ್ಲಿ ಪೇಟೆ ತುಂಬುತ್ತದೆ.

ಕುಟುಂಬದ ಗಾತ್ರವೂ ಕಿರಿದಾಗುತ್ತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮಹಿಳೆಯೊಬ್ಬಳಿಗೆ ಸರಾಸರಿ 1.7 ಮಕ್ಕಳು. ಅಮೆರಿಕದ ಮನೆ ನೂರಿಪ್ಪತ್ತು ವರ್ಷಗಳಲ್ಲಿ 4.9ರಿಂದ 2.5 ಮಂದಿಗೆ ಇಳಿಯಿತು. ಕರಾವಳಿಯ ಮನೆ ಅದೇ ಹಾದಿಯನ್ನು ಇನ್ನೂ ವೇಗವಾಗಿ ಕ್ರಮಿಸುತ್ತಿದೆ. ಮಕ್ಕಳೆಲ್ಲ ಪರವೂರಿನಲ್ಲಿದ್ದು ವೃದ್ಧ ದಂಪತಿಗಳು ಮಾತ್ರ ಉಳಿದಿರುವ ಮನೆಗಳು ನಗರದಲ್ಲಿ ಎಲ್ಲೆಡೆ ಕಾಣುತ್ತವೆ. ಅಂತಹ ಮನೆಗೆ 25 ಕಿಲೋ ಕುಚ್ಚಲಕ್ಕಿಯ ಮೂಟೆ ಬೇಕಾಗಿಲ್ಲ. ಐದು ಕಿಲೋ ಅಕ್ಕಿಯನ್ನು ಬಾಗಿಲಿಗೆ ತಲುಪಿಸುವವನು, ಔಷಧಿ ತಂದುಕೊಡುವವನು, ನಲ್ಲಿ ದುರಸ್ತಿ ಮಾಡುವ ನಂಬಿಕಸ್ಥ ಬೇಕಾಗಿದ್ದಾನೆ.

ಸರ್ಕಾರದ ನೀತಿಯ ಪ್ರಭಾವ

ರಾಜ್ಯ ಸರ್ಕಾರವು 2023ರಲ್ಲಿ ಜಾರಿಗೆ ತಂದ ಗ್ಯಾರಂಟಿ ಯೋಜನೆಗಳು ಮನೆಖರ್ಚಿನ ಸ್ವರೂಪದ ಮೇಲೆ ನೇರ ಪರಿಣಾಮ ಬೀರುವಂತಹವು. ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಸಲ್ಲುತ್ತದೆ. ಪುರುಷನ ಕೈಗೆ ಬರುವ ಹಣಕ್ಕೂ ಮಹಿಳೆಯ ಖಾತೆಗೆ ಬರುವ ಹಣಕ್ಕೂ ವೆಚ್ಚದ ದಾರಿ ಒಂದೇ ಆಗಿರುವುದಿಲ್ಲ; ಮಕ್ಕಳ ಬಟ್ಟೆ, ಪಾತ್ರೆ, ಅಡುಗೆಮನೆಯ ಯಂತ್ರ, ಚೀಟಿಯ ಕಂತು ಇವು ಆಕೆಯ ಪಟ್ಟಿಯಲ್ಲಿ ಮೇಲಿರುತ್ತವೆ. ಗೃಹಜ್ಯೋತಿಯಿಂದ ವಿದ್ಯುತ್ ಬಿಲ್ಲಿನ ಹಣ ಉಳಿದು ಬೇರೆ ಬಾಬತ್ತಿಗೆ ಸರಿಯುತ್ತದೆ. ಆದರೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಸೀಮಿತವಾಗಿದ್ದು, ಮಂಗಳೂರಿನ ನಗರ ಸಾರಿಗೆಯ ಬಹುಭಾಗ ಖಾಸಗಿ ಬಸ್ಸುಗಳದೇ ಆಗಿರುವುದರಿಂದ ಇಲ್ಲಿನ ಮಹಿಳೆಯರ ಬಸ್ಸಿನ ಖರ್ಚು ಮೈಸೂರು, ಬೆಂಗಳೂರಿನಷ್ಟು ಇಳಿಯಲಿಲ್ಲ.

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳ ಬದಲಾವಣೆಯೂ ಗಮನಾರ್ಹ. ಸಾಬೂನು, ತಲೆಎಣ್ಣೆ, ಬಿಸ್ಕತ್ತು, ಚಾಕೊಲೇಟ್, ಐಸ್‌ಕ್ರೀಮುಗಳ ತೆರಿಗೆ ಶೇ. 18ರಿಂದ ಶೇ. 5ಕ್ಕೂ, ಖಾರದ ತಿಂಡಿಗಳ ತೆರಿಗೆ ಶೇ. 12ರಿಂದ ಶೇ. 5ಕ್ಕೂ ಇಳಿಯಿತು. ಸಮೀಕ್ಷೆಯಲ್ಲಿ ವೇಗವಾಗಿ ಬೆಳೆಯುತ್ತಿರುವ ಬಾಬತ್ತುಗಳೇ ಇವು. 1975ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಐಡಿಯಲ್ ಐಸ್‌ಕ್ರೀಮ್ ಆಗಲಿ, 1973ರಲ್ಲಿ ಸ್ಥಾಪನೆಗೊಂಡ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಪುತ್ತೂರಿನ ಚಾಕೊಲೇಟ್ ಕಾರ್ಖಾನೆಯಾಗಲಿ ಸ್ಥಳೀಯ ಬಂಡವಾಳದಿಂದ ಈ ಮಾರುಕಟ್ಟೆಯನ್ನು ಬಹಳ ಹಿಂದೆಯೇ ಕಂಡುಕೊಂಡ ಉದಾಹರಣೆಗಳು. ಹಪ್ಪಳ, ಉಪ್ಪಿನಕಾಯಿ, ಹಲಸಿನ ಚಿಪ್ಸ್, ನೀರುದೋಸೆಯ ಹಿಟ್ಟು, ಮೀನಿನ ಮಸಾಲೆ ತಯಾರಿಸುವ ಸಣ್ಣ ಘಟಕಗಳಿಗೂ ಇದೇ ಬಾಗಿಲು ತೆರೆದಿದೆ. ಆದರೆ ಅದೇ ಬಾಗಿಲಿನಿಂದ ರಾಷ್ಟ್ರಮಟ್ಟದ ದೊಡ್ಡ ಕಂಪೆನಿಗಳೂ, ಮೊಬೈಲ್ ಮೂಲಕ ಆದೇಶ ಪಡೆದು ಮನೆಬಾಗಿಲಿಗೆ ತಲುಪಿಸುವ ಸಂಸ್ಥೆಗಳೂ ಒಳಬರುತ್ತಿವೆ. ಸ್ಪರ್ಧೆ ಇರುವುದು ಅಲ್ಲಿಯೇ.

ಉಳಿತಾಯದ ನಾಡು, ಕಂತಿನ ಕಾಲ

ಕರಾವಳಿ ಬ್ಯಾಂಕುಗಳ ತೊಟ್ಟಿಲು. 1906ರಲ್ಲಿ ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಈ ನೆಲದಲ್ಲಿ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಯೋಜನೆ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಮನೆಬಾಗಿಲಿನಿಂದ ಸಂಗ್ರಹಿಸಿ ಬಡ ಕುಟುಂಬಕ್ಕೆ ಉಳಿತಾಯದ ಅಭ್ಯಾಸವನ್ನು ಕಲಿಸಿತು. ಈ ಬ್ಯಾಂಕುಗಳಲ್ಲಿ ಮೂರು, 2019 ಮತ್ತು 2020ರಲ್ಲಿ ಇತರ ಬ್ಯಾಂಕುಗಳಲ್ಲಿ ವಿಲೀನವಾದವು. ಕುಟುಂಬಗಳ ಅಭ್ಯಾಸವೂ ಬದಲಾಗುತ್ತಿದೆ. 2022–23ರಲ್ಲಿ ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ರಾಷ್ಟ್ರೀಯ ಉತ್ಪನ್ನದ ಶೇ. 5ರ ಆಸುಪಾಸಿಗೆ ಇಳಿದು ಹಲವು ದಶಕಗಳಲ್ಲೇ ಕನಿಷ್ಠ ಮಟ್ಟವನ್ನು ಮುಟ್ಟಿತು. ಮನೆ, ವಾಹನ, ಫೋನು ಎಲ್ಲವೂ ಕಂತಿನಲ್ಲಿ ದೊರೆಯುವ ಕಾಲವಿದು.

ಕಂತಿನ ಮಾರಾಟದಿಂದ ಇಂದಿನ ವ್ಯಾಪಾರ ಹೆಚ್ಚುತ್ತದೆ. ಆದರೆ ಅದು ಗ್ರಾಹಕನ ನಾಳಿನ ಆದಾಯವನ್ನು ಇಂದೇ ಖರ್ಚು ಮಾಡಿಸುವ ವ್ಯಾಪಾರ. 1901ರ ಅಮೆರಿಕದ ಸರಾಸರಿ ಮನೆ 750 ಡಾಲರ್ ಗಳಿಸಿ 769 ಡಾಲರ್ ವೆಚ್ಚ ಮಾಡಿತ್ತು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಆ 19 ಡಾಲರಿನ ಕೊರತೆ ಎಲ್ಲೋ ಒಂದು ಅಂಗಡಿಯ ಸಾಲದ ಪುಸ್ತಕದಲ್ಲಿ ಕುಳಿತಿರಲೇಬೇಕು. ಸಾಲ ಕೊಟ್ಟು ಮಾರುವ ನಮ್ಮ ಸಣ್ಣ ವ್ಯಾಪಾರಿ, ತನ್ನ ಗ್ರಾಹಕನ ತಿಂಗಳ ಆದಾಯದಲ್ಲಿ ಬ್ಯಾಂಕಿನ ಕಂತು ಕಳೆದು ಎಷ್ಟು ಉಳಿಯುತ್ತದೆ ಎಂಬುದನ್ನು ಅಂದಾಜು ಮಾಡದೆ ಸಾಲದ ಮಿತಿಯನ್ನು ಏರಿಸುವುದು ಕ್ಷೇಮಕರವಲ್ಲ.

ಕೈಗೊಳ್ಳಬಹುದಾದ ಕ್ರಮಗಳು

ರಾಷ್ಟ್ರೀಯ ಸಮೀಕ್ಷೆಯ ವರದಿಗಳು ರಾಜ್ಯಮಟ್ಟದ ಅಂಕಿಗಳನ್ನು ಕೊಡುತ್ತವೆ. ಹಂಪನಕಟ್ಟೆಯ ಅಥವಾ ಸುರತ್ಕಲ್ಲಿನ ಅಂಗಡಿಗೆ ಬೇಕಾದ ಅಂಕಿ ಅಂಗಡಿಯಲ್ಲಿಯೇ ಇದೆ. ಜಿಎಸ್‌ಟಿಗಾಗಿ ಇಡುವ ಗಣಕೀಕೃತ ಬಿಲ್ಲುಗಳು ತೆರಿಗೆಯ ವಿವರ ಸಲ್ಲಿಸುವುದಕ್ಕೆ ಮಾತ್ರವಲ್ಲ, ಗ್ರಾಹಕರ ವೆಚ್ಚದ ಸಮೀಕ್ಷೆಗೂ ಒದಗುತ್ತವೆ. ಈ ನಿಟ್ಟಿನಲ್ಲಿ ಕೆಲವು ಸರಳ ಕ್ರಮಗಳನ್ನು ಅನುಸರಿಸಬಹುದು.

1. ಮೂರು ವರ್ಷಗಳ ಬಿಲ್ಲುಗಳನ್ನು ಧಾನ್ಯ, ಹಾಲು–ಎಣ್ಣೆ, ಸಿದ್ಧ ಆಹಾರ, ಶುಚಿತ್ವದ ವಸ್ತು, ಇತರೆ ಎಂದು ಐದು ಬಾಬತ್ತುಗಳಾಗಿ ವಿಂಗಡಿಸಿ, ಒಟ್ಟು ಮಾರಾಟದಲ್ಲಿ ಪ್ರತಿಯೊಂದರ ಪಾಲು ಹೇಗೆ ಬದಲಾಗಿದೆ ಎಂಬುದನ್ನು ನೋಡುವುದು. ಮೊತ್ತವನ್ನಲ್ಲ, ಪಾಲನ್ನು ನೋಡಬೇಕು. ಬೆಲೆಯೇರಿಕೆಯಿಂದ ಮೊತ್ತ ಎಲ್ಲದರಲ್ಲಿಯೂ ಹೆಚ್ಚಿರುತ್ತದೆ.

2. ಪ್ರತಿ ಬಾಬತ್ತಿನ ಲಾಭಾಂಶವನ್ನು ಬೇರೆಯಾಗಿ ಬರೆಯುವುದು. ಪಾಲು ಕುಗ್ಗುತ್ತಿದ್ದು ಲಾಭಾಂಶವೂ ಕಡಿಮೆಯಿರುವ ಸರಕಿಗೆ ಅಂಗಡಿಯ ಎಷ್ಟು ಜಾಗವನ್ನೂ ಬಂಡವಾಳವನ್ನೂ ಕೊಡಲಾಗಿದೆ ಎಂಬುದು ಆಗ ತಿಳಿಯುತ್ತದೆ.

3. ತಿಂಗಳುವಾರು ಮಾರಾಟದ ಪಟ್ಟಿಯನ್ನು ಮೀನುಗಾರಿಕೆಯ ನಿಷೇಧ, ಅಡಿಕೆ ಕೊಯ್ಲು, ಶಾಲಾರಂಭ, ಹಬ್ಬ–ಮದುವೆಗಳ ಪಂಚಾಂಗದೊಂದಿಗೆ ಹೊಂದಿಸಿ ನೋಡಿ ಖರೀದಿಯ ಆದೇಶ ಕೊಡುವುದು. ಬ್ಯಾಂಕಿನ ಓವರ್‌ಡ್ರಾಫ್ಟಿನ ಬಡ್ಡಿ ಉಳಿಯುವುದು ಇಲ್ಲಿಯೇ.

4. ಸಣ್ಣ ತಯಾರಕರು ಆಹಾರ ಸುರಕ್ಷತಾ ಪರವಾನಗಿ, ಪೊಟ್ಟಣದ ಮೇಲಿನ ವಿವರ, ಬಾರ್‌ಕೋಡು ಇವುಗಳನ್ನು ಆರಂಭದಲ್ಲಿಯೇ ಸರಿಪಡಿಸಿಕೊಳ್ಳುವುದು. ಇವಿಲ್ಲದ ಸರಕಿಗೆ ಮಾಲ್ ಹಾಗೂ ಸೂಪರ್ ಮಾರ್ಕೆಟ್ಟುಗಳ ಕಪಾಟಿನಲ್ಲಿ ಸ್ಥಳ ದೊರೆಯುವುದು ಕಷ್ಟ.

5. ವಸ್ತುವಿನೊಂದಿಗೆ ಸೇವೆಯನ್ನು ಜೋಡಿಸುವುದು. ಮಿಕ್ಸಿ ಮಾರುವವನು ದುರಸ್ತಿಯನ್ನೂ, ಬಟ್ಟೆ ಮಾರುವವನು ಹೊಲಿಗೆಯನ್ನೂ, ದಿನಸಿ ಮಾರುವವನು ಮನೆಗೆ ತಲುಪಿಸುವ ವ್ಯವಸ್ಥೆಯನ್ನೂ ಕೊಟ್ಟಲ್ಲಿ, ವಸ್ತುವಿನ ಬೆಲೆಯಲ್ಲಿ ಕಳೆದುಕೊಂಡ ಲಾಭ ಸೇವೆಯ ಶುಲ್ಕದಲ್ಲಿ ಮರಳಬಹುದು.

ಹತ್ತಿಪ್ಪತ್ತು ವ್ಯಾಪಾರಿಗಳು ಕೂಡಿ, ಗ್ರಾಹಕರ ಹೆಸರುಗಳನ್ನು ಬಿಟ್ಟು ಬಾಬತ್ತಿನ ಅಂಕಿಗಳನ್ನು ಮಾತ್ರ ವರ್ಷಕ್ಕೊಮ್ಮೆ ಒಟ್ಟುಗೂಡಿಸಿದರೆ ನಗರದ ಮನೆಖರ್ಚಿನ ಒಂದು ಸ್ಥಳೀಯ ಲೆಕ್ಕವೇ ಸಿದ್ಧವಾಗುತ್ತದೆ. ಇಂತಹ ಕಾರ್ಯಕ್ಕೆ ವಾಣಿಜ್ಯ ಸಂಘಗಳೇ ಸೂಕ್ತ ವೇದಿಕೆ. ಸಗಟು ವ್ಯಾಪಾರಿಗೆ ಯಾವ ಸರಕನ್ನು ತರಿಸಬೇಕೆಂಬುದು, ತಯಾರಕನಿಗೆ ಯಾವ ಯಂತ್ರದಲ್ಲಿ ಹಣ ಹೂಡಬೇಕೆಂಬುದು, ಬ್ಯಾಂಕಿನ ಅಧಿಕಾರಿಗೆ ಯಾವ ಉದ್ದಿಮೆಗೆ ಸಾಲ ಕೊಡಬೇಕೆಂಬುದು ಆ ಲೆಕ್ಕದಿಂದ ಹೆಚ್ಚು ಸ್ಪಷ್ಟವಾಗುತ್ತದೆ.

ದೇಶದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ 2011–12ರ ಸಮೀಕ್ಷೆಯ ಆಧಾರದ ಮೇಲೆ ಆಹಾರ ಮತ್ತು ಪಾನೀಯಗಳಿಗೆ ಶೇ. 45.86ರ ತೂಕ ಕೊಡಲಾಗಿತ್ತು. 2024ನ್ನು ಮೂಲವರ್ಷವಾಗಿಟ್ಟ ಹೊಸ ಸರಣಿಗೆ 2023–24ರ ಸಮೀಕ್ಷೆಯನ್ನು ಆಧಾರವಾಗಿಟ್ಟುಕೊಂಡು ತೂಕಗಳನ್ನು ಬದಲಿಸಲಾಗಿದೆ. ಹನ್ನೆರಡು ವರ್ಷಗಳ ಹಿಂದಿನ ಮನೆಯ ಲೆಕ್ಕದಿಂದ ಇಂದಿನ ಬೆಲೆಯನ್ನು ಅಳೆಯಲಾಗದೆಂದು ಸರ್ಕಾರವೇ ತನ್ನ ತಕ್ಕಡಿಯನ್ನು ಸರಿಪಡಿಸಿಕೊಂಡಿದೆ. ಹನ್ನೆರಡು ವರ್ಷಗಳ ಹಿಂದಿನ ಸರಕುಪಟ್ಟಿಯನ್ನೇ ಇಟ್ಟುಕೊಂಡಿರುವ ಅಂಗಡಿಗೂ ಆ ಕೆಲಸ ಬಾಕಿಯಿದೆ.